ತೌಡಿನಲ್ಲಿ ಜೀವ ಕಂಡ ಮರಿಯಾ ಓರೋಸಾ

ಊಟಕ್ಕೆ ಕುಳಿತಾಗ ಶಿಲುಬೆಯ ಗುರುತು ಹಾಕಿ, ತಟ್ಟೆಯಲ್ಲಿರುವ ಅನ್ನವನ್ನು ಹರಸಬೇಕೆಂದು ದೇವರನ್ನು ಬೇಡಿಕೊಳ್ಳುವುದು ನಮ್ಮ ಕುಟುಂಬಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಆ ಕ್ಷಣದಲ್ಲಿ ಉತ್ತು ಬಿತ್ತಿದ ರೈತನನ್ನು ನೆನೆಯುತ್ತೇವೆ. ಒಲೆಯ ಮುಂದೆ ಬೆಂದ ತಾಯಿಯನ್ನು ನೆನೆಯುತ್ತೇವೆ. ಆದರೆ ಬೆಳೆದ ಪದಾರ್ಥ ಕೊಳೆಯದಂತೆ ಕಾಪಾಡುವ ವಿಧಾನವನ್ನು ಕಂಡುಹಿಡಿದವರನ್ನು, ಯಾವ ಆಹಾರದಲ್ಲಿ ಯಾವ ಸತ್ವವಿದೆ ಎಂಬುದನ್ನು ಬಡವರ ಮನೆಬಾಗಿಲಿಗೆ ಹೋಗಿ ತಿಳಿಸಿದವರನ್ನು ನೆನೆಯುವವರು ವಿರಳ. ಅಂತಹ ಒಬ್ಬ ಮಹಿಳೆಯ ಬಾಳನ್ನು ಈ ವಾರ ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ. ಅವರ ಹೆಸರು ಮರಿಯಾ ಓರೋಸಾ. ಫಿಲಿಪೈನ್ಸ್ ದೇಶದಲ್ಲಿ ಮನೆಮಾತಾಗಿರುವ ಈ ವಿಜ್ಞಾನಿಯ ಹೆಸರು ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರಲಾರದು.

ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳಿಂದ ಕೂಡಿದ ಫಿಲಿಪೈನ್ಸ್, ಏಷ್ಯಾ ಖಂಡದಲ್ಲಿ ಅತಿ ಹೆಚ್ಚು ಕಥೋಲಿಕರನ್ನು ಹೊಂದಿರುವ ರಾಷ್ಟ್ರ. 1521ರಲ್ಲಿ ಅಲ್ಲಿ ಕ್ರೈಸ್ತ ವಿಶ್ವಾಸದ ಬೀಜ ಬಿತ್ತು. 1565ರಿಂದ ಸ್ಪೇನಿನ ಆಡಳಿತ ಬೇರೂರಿತು. ಆಡಳಿತದೊಡನೆ ಅಡುಗೆಯೂ ಬಂದಿತು. ಸ್ಪೇನಿನ ಲೊಂಗಾನಿಸಾ ಎಂಬ ಹಂದಿಮಾಂಸದ ಸಾಸೇಜು ಆ ದ್ವೀಪಗಳಲ್ಲಿ ಲೊಂಗ್ಗನಿಸಾ ಎಂಬ ಹೆಸರಿನಿಂದ ನೆಲೆಯೂರಿ, ಊರಿಗೊಂದು ರುಚಿ ಪಡೆಯಿತು. ವಿಗಾನ್ ಊರಿನದು ಬೆಳ್ಳುಳ್ಳಿಯ ಘಾಟಿಗೆ ಪ್ರಸಿದ್ಧ. ಲುಕ್ಬಾನ್ ಊರಿನದು ಓರೆಗಾನೋ ಸೊಪ್ಪಿನ ಪರಿಮಳಕ್ಕೆ. ಬೆಟ್ಟದಷ್ಟು ಸೆಕೆಯಿರುವ, ಮಂಜುಗಡ್ಡೆಯೆಂದರೆ ಏನೆಂದು ತಿಳಿಯದಿದ್ದ ಆ ಕಾಲದ ಹಳ್ಳಿಗಳಲ್ಲಿ ಒಂದು ಹಂದಿಯನ್ನು ಕಡಿದರೆ ಮಾಂಸ ಮರುದಿನಕ್ಕೆ ಉಳಿಯುತ್ತಿರಲಿಲ್ಲ. ಉಪ್ಪು, ವಿನೆಗರ್, ಬೆಳ್ಳುಳ್ಳಿ, ಸಕ್ಕರೆ ಬೆರೆಸಿ ಕರುಳಿನಲ್ಲಿ ತುಂಬಿಟ್ಟರೆ ಕೆಲವು ದಿನವಾದರೂ ಕೆಡದೆ ಇರುತ್ತಿತ್ತು. ಪೋರ್ಚುಗೀಸರ ಮೂಲಕ ಗೋವೆಗೆ ಬಂದು, ಕೊಂಕಣಿ ಕಥೋಲಿಕರ ಅಡುಗೆಮನೆಯನ್ನು ಸೇರಿದ ಸಾಸೇಜಿನ ಕಥೆಯೂ ಇದೇ ಬಗೆಯದೆಂಬುದನ್ನು ನಮ್ಮ ಹಿರಿಯರು ಬಲ್ಲರು. ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಒಂದು ಮೊಟ್ಟೆ, ಎರಡು ತುಂಡು ಲೊಂಗ್ಗನಿಸಾ: ಫಿಲಿಪೈನ್ಸಿನ ಮುಂಜಾನೆಯ ಊಟದ ಚಿತ್ರ ಇಂದಿಗೂ ಇದೇ ಆಗಿದೆ.

ಆ ದೇಶದ ಬಟಾಂಗಾಸ್ ಪ್ರಾಂತ್ಯದಲ್ಲಿ ತಾಆಲ್ ಎಂಬ ಹಳೆಯ ಪಟ್ಟಣವಿದೆ. ತೂರ್ಸಿನ ಸಂತ ಮಾರ್ಟಿನರಿಗೆ ಸಮರ್ಪಿತವಾದ ಅಲ್ಲಿನ ಮಹಾದೇವಾಲಯ ಏಷ್ಯಾದ ಅತಿ ದೊಡ್ಡ ದೇವಾಲಯಗಳಲ್ಲಿ ಒಂದು. ತನ್ನ ಮೇಲಂಗಿಯನ್ನು ಕತ್ತರಿಸಿ ಅರ್ಧವನ್ನು ಭಿಕ್ಷುಕನಿಗೆ ಹೊದಿಸಿದ ಆ ಸಂತರ ನೆರಳಿನಲ್ಲಿ ಬೆಳೆದ ಪಟ್ಟಣವದು. ಅಲ್ಲಿನ ಲೊಂಗ್ಗನಿಸಾ ಮತ್ತು ಉಪ್ಪೂರಿಸಿದ ಮಾಂಸಕ್ಕೂ ದೇಶದಲ್ಲೆಲ್ಲ ಹೆಸರಿದೆ. ಈ ತಾಆಲ್‌ನಲ್ಲಿ, 1890ರ ದಶಕದ ಆರಂಭದಲ್ಲಿ, ನವೆಂಬರ್ 29ರಂದು ಮರಿಯಾ ಓರೋಸಾ ಜನಿಸಿದರು. ತಂದೆ ಸಿಂಪ್ಲಿಸಿಯೋ ಓರೋಸಾ ಉಗಿಹಡಗಿನ ಕಪ್ತಾನರು. ತಾಯಿ ಹುಲಿಯಾನಾ ಇಲಗಾನ್. ಎಂಟು ಮಕ್ಕಳಲ್ಲಿ ಮರಿಯಾ ನಾಲ್ಕನೆಯವರು. ಅವರ ಬಾಲ್ಯದಲ್ಲಿಯೇ ದೇಶ ಎರಡು ಯುದ್ಧಗಳನ್ನು ಕಂಡಿತು. ಸ್ಪೇನ್ ತೊಲಗಿತು, 1898ರ ನಂತರ ಅಮೆರಿಕ ಬಂದು ಕುಳಿತುಕೊಂಡಿತು.

ಅಮೆರಿಕನ್ನರೊಡನೆ ಡಬ್ಬಿಯ ಆಹಾರ ಬಂದಿತು. ಡಬ್ಬಿಯ ಮಾಂಸ, ಡಬ್ಬಿಯ ಮೀನು, ಡಬ್ಬಿಯ ಹಾಲು, ಡಬ್ಬಿಯ ಸಾಸೇಜು. ಹಡಗಿನಿಂದ ಇಳಿದ ಡಬ್ಬಿ ಅಂತಸ್ತಿನ ಗುರುತಾಯಿತು. ಹಿತ್ತಿಲಿನಲ್ಲಿ ಬೆಳೆದ ಬಾಳೆ, ಮರಗೆಣಸು, ತೆಂಗು ಬಡವರ ತಿನಿಸೆನಿಸಿಕೊಂಡವು. ತನ್ನ ನೆಲದಲ್ಲಿ ಬೆಳೆದದ್ದನ್ನು ಕೀಳೆಂದು ಬಗೆದು ಪರದೇಶದ ಸರಕಿಗೆ ಕೈಚಾಚುವ ಮನೋವೃತ್ತಿ ಯಾವ ದೇಶಕ್ಕೂ ಹೊಸದಲ್ಲ. ಈ ಮನೋವೃತ್ತಿಗೆ ಉತ್ತರ ಕೊಡುವುದೇ ಮರಿಯಾ ಅವರ ಜೀವನಕಾರ್ಯವಾಯಿತು. ಆದರೆ ಅವರು ಡಬ್ಬಿಯನ್ನು ದ್ವೇಷಿಸಲಿಲ್ಲ. ಅದರ ವಿದ್ಯೆಯನ್ನು ಕಲಿಯಲು ಹೊರಟರು.

1916ರಲ್ಲಿ ಅವರು ಅಮೆರಿಕದ ಸಿಯಾಟಲ್ ನಗರವನ್ನು ತಲುಪಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಹೆಣ್ಣುಮಗಳೊಬ್ಬಳು ಸಾಗರ ದಾಟಿ ರಸಾಯನಶಾಸ್ತ್ರ ಕಲಿಯುವುದು ಅಂದಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಬೇಸಿಗೆಯ ರಜೆಯಲ್ಲಿ ಅಲಾಸ್ಕಾದ ಮೀನಿನ ಕಾರ್ಖಾನೆಗಳಲ್ಲಿ ದುಡಿದರು. ಮೀನನ್ನು ಶುಚಿಗೊಳಿಸಿ, ಡಬ್ಬಿಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಕಾಯಿಸಿ ತೆಗೆಯುವ ಕ್ರಮವನ್ನು ಪುಸ್ತಕದಿಂದ ಮಾತ್ರವಲ್ಲ, ಕೈಯಾರೆ ಕಲಿತರು. ಔಷಧ ರಸಾಯನಶಾಸ್ತ್ರದಲ್ಲಿ ಸ್ನಾತಕ ಮತ್ತು ಸ್ನಾತಕೋತ್ತರ ಪದವಿಗಳನ್ನು ಪಡೆದರು. ಆಹಾರ ರಸಾಯನಶಾಸ್ತ್ರವನ್ನೂ ವ್ಯಾಸಂಗ ಮಾಡಿದರು. ವಾಷಿಂಗ್ಟನ್ ರಾಜ್ಯದ ಸಹಾಯಕ ರಸಾಯನಶಾಸ್ತ್ರಜ್ಞೆಯ ಹುದ್ದೆ ಅವರನ್ನು ಅರಸಿ ಬಂದಿತು. ಅಲ್ಲಿಯೇ ನೆಲೆಸಿದ್ದರೆ ನೆಮ್ಮದಿಯ ಬಾಳು ದೊರೆಯುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. 1922ರಲ್ಲಿ ಅವರು ತಾಯ್ನಾಡಿಗೆ ಮರಳಿದರು.

ಕೆಲಕಾಲ ಮನಿಲಾದಲ್ಲಿ ಗೃಹವಿಜ್ಞಾನವನ್ನು ಬೋಧಿಸಿದ ಅನಂತರ ಅವರು ಸರ್ಕಾರದ ವಿಜ್ಞಾನ ಇಲಾಖೆಯನ್ನು ಸೇರಿ, ಆಹಾರ ಸಂರಕ್ಷಣಾ ವಿಭಾಗವನ್ನು ಮುನ್ನಡೆಸಿದರು. ಮಾವು ಹೇರಳವಾಗಿ ಬಿಟ್ಟು ಕೊಳೆತುಹೋಗುವ ಊರಿನಲ್ಲಿಯೇ ಮೂರು ತಿಂಗಳ ಬಳಿಕ ಮಕ್ಕಳು ಹಸಿದಿರುವುದನ್ನು ಕಂಡವರಿಗೆ ಸಂರಕ್ಷಣೆಯೆಂಬುದು ವ್ಯಾಪಾರದ ಮಾತಾಗಿ ಉಳಿಯುವುದಿಲ್ಲ. ಅದು ನ್ಯಾಯದ ಮಾತಾಗುತ್ತದೆ. ಸುಗ್ಗಿಯ ದಿನದ ಸಮೃದ್ಧಿಯನ್ನು ಬರದ ದಿನದ ಕೈಗೆ ಒಪ್ಪಿಸುವುದೇ ಸಂರಕ್ಷಣೆ. ಹಲಸಿನ ಹಪ್ಪಳ, ಮಾವಿನ ಉಪ್ಪಿನಕಾಯಿ, ಒಣಮೀನು ಮಾಡಿಟ್ಟು ಮಳೆಗಾಲವನ್ನು ದಾಟಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಈ ತತ್ವವನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಮರಿಯಾ ಅವರು ಅದಕ್ಕೆ ಶಾಸ್ತ್ರದ ಬೆಂಬಲ ನೀಡಿದರು. ವಿನೆಗರಿನಲ್ಲಿ ಬೆಂದ ಅಡೋಬೋ ಮಾಂಸ, ಹುಳಿಮೀನಿನ ಎಸ್ಕಬೇಚೆ ಮೊದಲಾದ ನಾಡಿನ ಅಡುಗೆಗಳನ್ನೇ ಡಬ್ಬಿಗಳಲ್ಲಿ ತುಂಬಿಡುವ ವಿಧಾನವನ್ನು ರೂಪಿಸಿದರು. ಮರಗೆಣಸಿನಿಂದ ಹಿಟ್ಟು ಮಾಡಿಸಿದರು. ಕಲಮನ್ಸಿ ಎಂಬ ಪುಟ್ಟ ನಿಂಬೆಯ ರಸವನ್ನು ಪುಡಿಯಾಗಿ ಪರಿವರ್ತಿಸಿದರು. ನಾಡಿನ ಹಣ್ಣುಗಳಿಂದ ದ್ರಾಕ್ಷಾರಸದಂತಹ ಪಾನೀಯಗಳನ್ನು ತಯಾರಿಸಿದರು.

ಇಂದು ಅವರ ಹೆಸರಿನೊಡನೆ ಎಲ್ಲರೂ ನೆನೆಯುವುದು ಬಾಳೆಯ ಕೆಚಪ್ಪನ್ನು. ಟೊಮೇಟೊ ಆ ದ್ವೀಪಗಳಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ; ಟೊಮೇಟೊ ಕೆಚಪ್ ಹಡಗಿನಲ್ಲಿ ಬರಬೇಕಾಗಿತ್ತು. ಸಾಬಾ ಎಂಬ ದಪ್ಪನೆಯ ನಾಡಬಾಳೆಯಾದರೋ ಹಿತ್ತಿಲು ಹಿತ್ತಿಲಿನಲ್ಲಿಯೂ ಇತ್ತು. ಅದನ್ನು ಅರೆದು, ವಿನೆಗರ್, ಸಕ್ಕರೆ, ಮಸಾಲೆ ಕೂಡಿಸಿ ಬೇಯಿಸಿದ ರಸಕ್ಕೆ ಕೆಂಪು ಬಣ್ಣ ಸೇರಿಸಿದಾಗ ಅದು ಪರದೇಶದ ಕೆಚಪ್ಪಿನ ಸ್ಥಾನವನ್ನು ಪಡೆಯಿತು. 1942ರಲ್ಲಿ ಮಗ್ದಾಲೋ ಫ್ರಾನ್ಸಿಸ್ಕೋ ಎಂಬ ಉದ್ಯಮಿ ಇಂತಹ ಕೆಚಪ್ಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದರು. ಇಂದು ಫಿಲಿಪೈನ್ಸಿನ ಮಕ್ಕಳ ತಟ್ಟೆಯಲ್ಲಿ ಸಾಸೇಜಿನ ಪಕ್ಕದಲ್ಲಿ ಕಾಣುವ ಕೆಂಪು ರಸ ಬಹುಮಟ್ಟಿಗೆ ಈ ಬಾಳೆಯದೇ.

ಮರಿಯಾ ಅವರು ಪ್ರಯೋಗಶಾಲೆಯಲ್ಲಿಯೇ ಕುಳಿತವರಲ್ಲ. 1920ರ ದಶಕದಲ್ಲಿ ಹಳ್ಳಿಗಳಲ್ಲಿ ಮಹಿಳೆಯರ ಮತ್ತು ಯುವಜನರ ಸಂಘಗಳನ್ನು ಕಟ್ಟಿ, ಕೋಳಿ ಸಾಕಣೆ, ಆಹಾರ ಸಂರಕ್ಷಣೆ, ಸಮತೋಲನದ ಊಟ ಇವುಗಳನ್ನು ಕಲಿಸಿದರು. ವಿದ್ಯುಚ್ಛಕ್ತಿ ಇಲ್ಲದ ಮನೆಯಲ್ಲಿಯೂ ರೊಟ್ಟಿ ಸುಡಲು ಸಾಧ್ಯವಾಗುವಂತೆ ಮಣ್ಣಿನ ಗಡಿಗೆಯಿಂದಲೇ ಒಂದು ಓವನನ್ನು ರೂಪಿಸಿದರು. ಅದಕ್ಕೆ ಪಲಯೊಕ್ ಓವನ್ ಎಂದು ಹೆಸರು. ಪಲಯೊಕ್ ಎಂದರೆ ಅಡುಗೆಯ ಮಡಕೆ. ವಿಜ್ಞಾನವು ಬಡವಳ ಮಡಕೆಗೆ ಇಳಿದುಬರಬೇಕೇ ಹೊರತು ಬಡವಳು ವಿಜ್ಞಾನದ ಮೆಟ್ಟಿಲನ್ನು ಹತ್ತಿ ಬರಲೆಂದು ಕಾಯಬಾರದೆಂಬುದು ಅವರ ನಿಲುವಾಗಿತ್ತೆಂದು ಈ ಗಡಿಗೆಯನ್ನು ನೋಡಿ ನಾವು ತಿಳಿಯಬಹುದು. ಅವರ ಏಳುನೂರಕ್ಕೂ ಹೆಚ್ಚು ಪಾಕವಿಧಾನಗಳು ದೊರೆತಿವೆ. ಅವರ ಸಹೋದರನ ಮಗಳು ಹೆಲೆನ್ ಓರೋಸಾ ಡೆಲ್ ರೊಸಾರಿಯೋ ಅವುಗಳನ್ನು ಸಂಗ್ರಹಿಸಿ 1970ರಲ್ಲಿ ಪ್ರಕಟಿಸಿದರು.

ಈಗ ಅವರ ಬಾಳಿನ ಅತಿ ಮುಖ್ಯ ಭಾಗಕ್ಕೆ ಬರೋಣ. ಅಕ್ಕಿಯನ್ನು ಗಿರಣಿಯಲ್ಲಿ ಬಿಳುಪಾಗಿ ಪಾಲಿಶ್ ಮಾಡಿದಾಗ ಅದರ ಮೇಲಿನ ಪದರ ತೌಡಾಗಿ ಉದುರುತ್ತದೆ. ಮಲ್ಲಿಗೆಯಂತಹ ಬಿಳಿ ಅನ್ನ ಕಣ್ಣಿಗೆ ಚೆಂದ. ಆದರೆ ಉದುರಿದ ತೌಡಿನೊಡನೆ ಥಯಾಮಿನ್ ಅಥವಾ ಬಿ-1 ಎಂಬ ಜೀವಸತ್ವವೂ ಹೊರಟುಹೋಗುತ್ತದೆ. ಬಿಳಿ ಅನ್ನವನ್ನಲ್ಲದೆ ಬೇರೇನನ್ನೂ ಕಾಣದ ಬಡವರಿಗೆ ಬೆರಿಬೆರಿ ರೋಗ ತಗಲುತ್ತಿತ್ತು. ಕಾಲುಗಳು ಊದಿ, ನರಗಳು ಸೋತು, ಹೃದಯ ನಿಲ್ಲುತ್ತಿತ್ತು. ಹಾಲೂಡಿಸುವ ತಾಯಿಗೆ ಈ ಕೊರತೆಯಿದ್ದರೆ ಮೊದಲು ಸಾಯುತ್ತಿದ್ದುದು ಹಸುಗೂಸು. ನಮ್ಮ ದೇಶದ ನೆಲ್ಲೂರಿನಲ್ಲಿ 1886ರಲ್ಲಿ ಜನಿಸಿದ ರಾಬರ್ಟ್ ವಿಲಿಯಮ್ಸ್ ಎಂಬ ರಸಾಯನಶಾಸ್ತ್ರಜ್ಞರು ಮನಿಲಾದ ಅದೇ ವಿಜ್ಞಾನ ಇಲಾಖೆಯಲ್ಲಿ ಈ ರೋಗದ ಬೆನ್ನುಹತ್ತಿ, ದೀರ್ಘಕಾಲದ ಸಾಧನೆಯ ಬಳಿಕ 1936ರಲ್ಲಿ ಥಯಾಮಿನ್ನನ್ನು ಕೃತಕವಾಗಿ ತಯಾರಿಸುವಲ್ಲಿ ಯಶಸ್ವಿಯಾದರು. ಮರಿಯಾ ಅವರು ಬೇರೊಂದು ದಾರಿ ಹಿಡಿದರು. ದನಕರುಗಳ ಮುಂದೆ ಸುರಿಯುತ್ತಿದ್ದ ತೌಡನ್ನೇ ಮನುಷ್ಯರ ಆಹಾರವನ್ನಾಗಿ ಮಾಡಿದರು. ಫಿಲಿಪೈನ್ಸಿನ ಭಾಷೆಯಲ್ಲಿ ತೌಡಿಗೆ ದಾರಕ್ ಎನ್ನುತ್ತಾರೆ. ದಾರಕ್ ಬೆರೆಸಿದ ಬಿಸ್ಕತ್ತುಗಳು ಬೆರಿಬೆರಿಗೆ ಮದ್ದಾದವು. ಸೋಯಾ ಅವರೆಯಿಂದ ಅವರು ತಯಾರಿಸಿದ ಸೋಯಾಲ್ಯಾಕ್ ಎಂಬ ಪುಡಿ ಮಾಂಸವೂ ಹಾಲೂ ಇಲ್ಲದವರಿಗೆ ಸಸಾರಜನಕವನ್ನು ಒದಗಿಸಿತು.

ನಮ್ಮ ಕರಾವಳಿಯ ಕುಚ್ಚಲಕ್ಕಿಯನ್ನು ಇಲ್ಲಿ ನೆನೆಯದಿರಲಾಗದು. ಬತ್ತವನ್ನು ಕುದಿಸಿ ಒಣಗಿಸಿ ಕುಟ್ಟುವಾಗ ತೌಡಿನ ಸತ್ವದ ಒಂದು ಪಾಲು ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಗಂಜಿಯೂಟದ ಮನೆಗಳಲ್ಲಿ ಬೆರಿಬೆರಿಯ ಕಾಟ ಕಡಿಮೆಯಿದ್ದುದಕ್ಕೆ ಕಾರಣವಿದು. ನಮ್ಮ ಪೂರ್ವಜರು ಕಾರಣವನ್ನು ಅರಿಯದೆಯೇ ಫಲವನ್ನು ಪಡೆದಿದ್ದರು.

1942ರಲ್ಲಿ ಜಪಾನೀ ಸೇನೆ ಮನಿಲಾವನ್ನು ವಶಪಡಿಸಿಕೊಂಡಿತು. 1611ರಲ್ಲಿ ಡೊಮಿನಿಕನ್ ಗುರುಗಳು ಸ್ಥಾಪಿಸಿದ ಸಾಂತೊ ತೊಮಾಸ್ ವಿಶ್ವವಿದ್ಯಾನಿಲಯದ ಆವರಣ ಸೆರೆಶಿಬಿರವಾಯಿತು. ಮಕ್ಕಳು ಮುದುಕರೆನ್ನದೆ ಸಾವಿರಾರು ಪರದೇಶೀಯರನ್ನು ಅಲ್ಲಿ ಕೂಡಿಹಾಕಲಾಯಿತು. ಕೊನೆಯ ತಿಂಗಳುಗಳಲ್ಲಿ ಆ ಶಿಬಿರದೊಳಗೆ ಹಸಿವೇ ಯಜಮಾನನಾಗಿತ್ತು. ಮರಿಯಾ ಅವರು ಮಾರ್ಕಿಂಗ್ ಗೆರಿಲ್ಲಾ ಪಡೆಯಲ್ಲಿ ಕ್ಯಾಪ್ಟನ್ ಪದವಿಯನ್ನು ಹೊಂದಿದ್ದರು. ಆದರೆ ಅವರ ಆಯುಧ ಆಹಾರವಾಗಿತ್ತು. ಸೋಯಾಲ್ಯಾಕ್ ಮತ್ತು ದಾರಕ್ ಪುಡಿಯನ್ನು ಟೊಳ್ಳು ಬಿದಿರಿನ ಕೋಲುಗಳಲ್ಲಿ ತುಂಬಿಸಿ, ಬಡಗಿಗಳ ಕೈಯಲ್ಲಿ ಗುಟ್ಟಾಗಿ ಶಿಬಿರದೊಳಕ್ಕೆ ಕಳುಹಿಸಿದರು. ಕಪಾಸ್, ಲೊಸ್ ಬಾನ್ಯೋಸ್ ಮುಂತಾದ ಕಡೆಗಳ ಸೆರೆಯಾಳುಗಳಿಗೂ ಅದು ತಲುಪಿತು. ಸಿಕ್ಕಿಬಿದ್ದರೆ ಕಾದಿದ್ದುದು ಮರಣವೇ. ದನದ ಕೊಟ್ಟಿಗೆಗೆ ಸೇರಬೇಕಾಗಿದ್ದ ತೌಡು ಹೀಗೆ ಅನೇಕರ ಪ್ರಾಣವನ್ನು ಉಳಿಸಿತು. ಒಂದು ಕಾಲದಲ್ಲಿ ತಮ್ಮ ನಾಡನ್ನು ಆಳಲು ಬಂದವರ ಮಕ್ಕಳೇ ಆ ಸೆರೆಯಾಳುಗಳಲ್ಲಿ ಬಹುಮಂದಿ ಎಂಬ ಲೆಕ್ಕಾಚಾರ ಅವರ ಕೈಯನ್ನು ತಡೆಯಲಿಲ್ಲ.

1945ರ ಫೆಬ್ರುವರಿ 3ರಂದು ಅಮೆರಿಕದ ಸೇನೆ ಮನಿಲಾವನ್ನು ಪ್ರವೇಶಿಸಿತು. ಅಂದು ಆರಂಭವಾದ ಕದನ ಮಾರ್ಚ್ 3ರವರೆಗೂ ನಡೆದು, ಸುಮಾರು ಒಂದು ಲಕ್ಷ ನಾಗರಿಕರನ್ನು ಬಲಿ ತೆಗೆದುಕೊಂಡಿತು. ನಗರವನ್ನು ತೊರೆದುಬರುವಂತೆ ಬಂಧುಗಳು ಮರಿಯಾ ಅವರನ್ನು ಬೇಡಿಕೊಂಡರು. ತಾವು ಸೈನಿಕರ ಸಾಲಿಗೆ ಸೇರಿದವರಾದ ಕಾರಣ ತಮ್ಮ ಸ್ಥಾನವನ್ನು ಬಿಡಲಾಗದೆಂದು ಅವರು ಒಪ್ಪಲಿಲ್ಲ. ಫೆಬ್ರುವರಿ 13ರಂದು ಕಚೇರಿಯಲ್ಲಿದ್ದಾಗ ಸಿಡಿಗುಂಡಿನ ಚೂರು ತಗಲಿ ಗಾಯಗೊಂಡರು. ಅವರನ್ನು ಮಲಾತೆ ಧರ್ಮಕೇಂದ್ರದ ರೆಮೆದಿಯೋಸ್ ಆಸ್ಪತ್ರೆಗೆ ಒಯ್ಯಲಾಯಿತು. ಆರೋಗ್ಯಮಾತೆಯ ಹೆಸರಿನ ಆ ಧರ್ಮಕೇಂದ್ರವನ್ನು ಐರ್ಲೆಂಡಿನಿಂದ ಬಂದ ಕೊಲುಂಬನ್ ಸಭೆಯ ಗುರುಗಳು ನೋಡಿಕೊಳ್ಳುತ್ತಿದ್ದರು. ಅವರಲ್ಲಿ ನಾಲ್ವರನ್ನು ಮೂರು ದಿನಗಳ ಹಿಂದೆ ಜಪಾನೀ ಸೈನಿಕರು ಕರೆದೊಯ್ದಿದ್ದರು. ಅವರು ಮರಳಿ ಬರಲೇ ಇಲ್ಲ. ಉಳಿದಿದ್ದ ವಂದನೀಯ ಜಾನ್ ಲಾಲರ್ ಒಬ್ಬರೇ ಗಾಯಾಳುಗಳ ಆರೈಕೆಯಲ್ಲಿ ತೊಡಗಿದ್ದರು. ಅಂದೇ ಆಸ್ಪತ್ರೆಯ ಮೇಲೆ ಫಿರಂಗಿಯ ಗುಂಡುಗಳು ಬಿದ್ದವು. ನಗರವನ್ನು ಬಿಡಿಸಲು ಬಂದವರೇ ಹಾರಿಸಿದ ಗುಂಡುಗಳವು. ಚೂರೊಂದು ಮರಿಯಾ ಅವರ ಹೃದಯವನ್ನು ತೂರಿತು. ಗುರು ಲಾಲರ್ ಅವರೂ ಅಲ್ಲಿಯೇ ಅಸುನೀಗಿದರು.

ಆ ದಿನ ಮಂಗಳವಾರ. ಮರುದಿನ ವಿಭೂತಿ ಬುಧವಾರ. ಇತರರ ಬಟ್ಟಲನ್ನು ತುಂಬಿಸಲು ಬಾಳೆಲ್ಲ ದುಡಿದವರು ಉಪವಾಸಕಾಲದ ಹೊಸ್ತಿಲಿನಲ್ಲಿ ಮಣ್ಣು ಸೇರಿದರು. ಆ ಗೊಂದಲದಲ್ಲಿ ಸತ್ತವರನ್ನೆಲ್ಲ ಆವರಣದಲ್ಲಿಯೇ ಒಟ್ಟಿಗೆ ಹೂಳಲಾಯಿತು. ಆಸ್ಪತ್ರೆಯಿದ್ದ ಸ್ಥಳದಲ್ಲಿ ಈಗಿರುವ ಮಲಾತೆ ಕಥೋಲಿಕ ಶಾಲೆಯ ಆವರಣದಲ್ಲಿ ಅವರ ಹೆಸರಿನ ಸಮಾಧಿಕಲ್ಲು ದೊರೆತದ್ದು 2020ರಲ್ಲಿ, ಎಪ್ಪತ್ತೈದು ವರ್ಷಗಳ ಬಳಿಕ. ಮನಿಲಾದ ಒಂದು ಬೀದಿ ಇಂದು ಅವರ ಹೆಸರನ್ನು ಹೊತ್ತಿದೆ.

ಈ ಬಾಳಿನಿಂದ ನಮ್ಮ ಊಟದ ಮೇಜಿಗೆ ಏನು ದಕ್ಕುತ್ತದೆ? ಇಂದಿನ ತಾಯಂದಿರನ್ನು ಕಾಡುವ ಒಂದು ಪ್ರಶ್ನೆಯಿದೆ: ಮಕ್ಕಳು ಹಟ ಹಿಡಿದು ಕೇಳುವ ಸಾಸೇಜನ್ನು ಕೊಡಬಹುದೇ, ಕೊಡಬಾರದೇ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2015ರಲ್ಲಿ, ಸಂಸ್ಕರಿಸಿದ ಮಾಂಸವು ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ನಿರ್ಣಯಿಸಿತು. ಪ್ರತಿದಿನ 50 ಗ್ರಾಂನಂತೆ ಇಂತಹ ಮಾಂಸವನ್ನು ತಿಂದರೆ ಅಪಾಯ ಸುಮಾರು ಶೇಕಡ 18ರಷ್ಟು ಹೆಚ್ಚುವುದೆಂದು ಅದು ಲೆಕ್ಕ ಹಾಕಿತು. ಅದರಲ್ಲಿರುವ ಉಪ್ಪು ರಕ್ತದೊತ್ತಡಕ್ಕೆ ದಾರಿ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ಅದೇ ಸಂಸ್ಥೆಯ ಸಲಹೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಾಗೆಂದು ಹಬ್ಬದ ದಿನ ಒಂದು ತುಂಡು ತಿಂದ ಮಗುವಿನ ಮನಸ್ಸಿನಲ್ಲಿ ಪಾಪಭೀತಿಯನ್ನು ತುಂಬುವುದೂ ಸರಿಯಲ್ಲ.

ಫಿಲಿಪೈನ್ಸಿನ ಆಹಾರ ಮತ್ತು ಪೋಷಣಾ ಸಂಶೋಧನಾ ಸಂಸ್ಥೆಯು ಜನರಿಗಾಗಿ ಪಿಂಗ್ಗಾಂಗ್ ಪಿನೊಯ್ ಎಂಬ ತಟ್ಟೆಯ ಚಿತ್ರವೊಂದನ್ನು ರೂಪಿಸಿದೆ. ತಟ್ಟೆಯ ಅರ್ಧಭಾಗ ತರಕಾರಿ ಮತ್ತು ಹಣ್ಣು; ಉಳಿದರ್ಧದಲ್ಲಿ ಅನ್ನದ್ದು ದೊಡ್ಡ ಪಾಲು, ಮೀನು, ಮಾಂಸ, ಮೊಟ್ಟೆ, ಕಾಳುಗಳದ್ದು ಸಣ್ಣ ಪಾಲು. ಈ ತಟ್ಟೆಯಲ್ಲಿ ಲೊಂಗ್ಗನಿಸಾಕ್ಕೆ ಜಾಗವಿದೆ. ಆದರೆ ಅದು ಆ ಸಣ್ಣ ಪಾಲಿನ ಒಂದು ಮೂಲೆ, ಅದೂ ದಿನನಿತ್ಯವಲ್ಲ. ಅದರ ಪಕ್ಕದಲ್ಲಿ ಹಸಿ ಪರಂಗಿಕಾಯಿಯ ಅಚಾರ ಇಡುವುದು ಆ ನಾಡಿನ ರೂಢಿ. ಅವರು ಅದನ್ನು ಅಚ್ಚಾರಾ ಎನ್ನುತ್ತಾರೆ. ನಮ್ಮ ಕಡೆಯ ಅಚಾರವೇ ಸಮುದ್ರ ದಾಟಿ ಅಲ್ಲಿಗೆ ಹೋದ ಮಾತು. ಟೊಮೇಟೊ, ಸೊಪ್ಪು, ಒಂದು ಹಣ್ಣು ಜೊತೆಗೂಡಿದರೆ ಊಟ ಊಟವಾಗುತ್ತದೆ. ಬಿಳಿ ಅನ್ನ ಮತ್ತು ಸಾಸೇಜು ಎರಡೇ ಇದ್ದರೆ, ಹೊಟ್ಟೆ ತುಂಬಿದರೂ ದೇಹ ಹಸಿದೇ ಇರುತ್ತದೆ.

ಗುರುವಿದ್ಯಾಲಯದಲ್ಲಿ ನಾವು ಅರಿಸ್ಟಾಟಲನ ನೀತಿಶಾಸ್ತ್ರವನ್ನು ಓದುವಾಗ ಮಿಲೋ ಎಂಬ ಜಟ್ಟಿಯ ಉದಾಹರಣೆಯನ್ನು ಕಂಡೆವು. ಮಿಲೋನಿಗೆ ಸಾಲದ ಊಟ ಆಗತಾನೇ ಗರಡಿಗೆ ಬಂದ ಹುಡುಗನಿಗೆ ಹೆಚ್ಚಾಗುತ್ತದೆ. ಆದುದರಿಂದ ಮಿತಿ ಎಂಬುದು ಗಣಿತದ ಮಧ್ಯಬಿಂದುವಲ್ಲ. ಯಾರಿಗೆ, ಯಾವಾಗ, ಎಷ್ಟು ಎಂಬ ವಿವೇಕವದು. ಸಂತ ತೋಮಾಸ್ ಅಕ್ವಿನಾಸರು ಈ ವಿವೇಕವನ್ನು ಸದ್ಗುಣಗಳ ಸಾಲಿನಲ್ಲಿ ಇರಿಸಿದರು. ಮರಿಯಾ ಅವರ ಕಾಲದ ಹಳ್ಳಿಯಲ್ಲಿ ಶತ್ರು ಹಸಿವು ಮತ್ತು ಕೊಳೆತ. ಅಲ್ಲಿ ಒಂದು ಡಬ್ಬಿ ಮಾಂಸ ವರವಾಗಿತ್ತು. ಇಂದು ಅಂಗಡಿಯ ತಂಪುಪೆಟ್ಟಿಗೆಯಲ್ಲಿ ವರ್ಷವಿಡೀ ಸಾಸೇಜು ಸಿಗುವ ನಗರದ ಮನೆಯಲ್ಲಿ ಅದೇ ಡಬ್ಬಿ ಹೊರೆಯಾಗಬಲ್ಲುದು. ಪದಾರ್ಥ ಬದಲಾಗಿಲ್ಲ, ನಮ್ಮ ಸ್ಥಿತಿ ಬದಲಾಗಿದೆ.

ಆದರೆ ಅವರ ಬಾಳು ಎತ್ತುವ ಪ್ರಶ್ನೆ ಪ್ರಮಾಣದ್ದು ಮಾತ್ರವಲ್ಲ. ತಟ್ಟೆಯಲ್ಲಿ ಏನು ಹೆಚ್ಚಾಗಿದೆ ಎಂದು ನಾವು ನೋಡುತ್ತೇವೆ; ಅವರು ಏನು ಕಡಿಮೆಯಾಗಿದೆ ಎಂದು ನೋಡಿದರು. ಯಾರ ತಟ್ಟೆಯಲ್ಲಿ ಕಡಿಮೆಯಾಗಿದೆ ಎಂಬುದನ್ನೂ ನೋಡಿದರು. ಆ ಕೊರತೆಯನ್ನು ತುಂಬಲು ಜನರು ಕಡೆಗಣಿಸಿದ್ದ ಬಾಳೆಯನ್ನು, ಮರಗೆಣಸನ್ನು, ತೌಡನ್ನು ಎತ್ತಿಕೊಂಡರು. ಸಮತೋಲನದ ಆಹಾರವೆಂಬುದು ಒಂದೇ ತಟ್ಟೆಯೊಳಗಿನ ಮಾತಾದರೆ ಅದು ಆರೋಗ್ಯಶಾಸ್ತ್ರ. ನನ್ನ ತಟ್ಟೆಗೂ ನೆರೆಯವನ ತಟ್ಟೆಗೂ ನಡುವಿನ ಮಾತಾದಾಗ ಅದು ಪ್ರೀತಿಯ ಆಜ್ಞೆಯ ಪಾಲನೆ.

ಮುಂದಿನ ಬಾರಿ ಮನೆಯಲ್ಲಿ ಸಾಸೇಜು ಬೆಂದಾಗ, ತುಂಡುಗಳನ್ನು ಎಣಿಸಿ ಬಡಿಸೋಣ. ಪಕ್ಕದಲ್ಲಿ ಹಿತ್ತಿಲಿನ ಬಸಳೆಯನ್ನೋ ಹರಿವೆಯನ್ನೋ ಧಾರಾಳವಾಗಿ ಬಡಿಸೋಣ. ಕುಚ್ಚಲಕ್ಕಿಯ ಗಂಜಿಯನ್ನು ಬಡತನದ ಗುರುತೆಂದು ಮಕ್ಕಳು ಮೂಗು ಮುರಿದರೆ, ಬಿದಿರಿನ ಕೋಲಿನಲ್ಲಿ ತೌಡು ತುಂಬಿ ಸೆರೆಮನೆಗೆ ಕಳುಹಿಸಿದ ಈ ತಾಯಿಯ ಕಥೆಯನ್ನು ಅವರಿಗೆ ಹೇಳೋಣ. ಹೇಳಿದ ಮೇಲೆ, ನಮ್ಮ ಬೀದಿಯಲ್ಲಿ ಅಂದು ಒಲೆ ಹೊತ್ತದ ಮನೆಯೊಂದಿದೆಯೇ ಎಂದು ಒಮ್ಮೆ ಹೊರಗೆ ಹೋಗಿ ನೋಡಿಬರೋಣ.